ಜಪಾನಿನ ಬಡಾವಣೆಯ ಬೌದ್ಧ ದೇಗುಲಕ್ಕೆ ಹೋಗಿಬರುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಟೋಕಿಯೊಗೆ ಕೆಲಸಕ್ಕೋ ಪ್ರವಾಸಕ್ಕೋ ಹೋದ ನಮ್ಮವರು ಪದೇಪದೇ ಒಂದೇ ದೂರು ಹೇಳುತ್ತಾರೆ. ಗದ್ದಲವಿಲ್ಲದ ಬೌದ್ಧ ದೇಗುಲ ನೋಡೋಣ ಅಂತ ಹೊರಟೆವು, ಆದರೆ ಸರಿಹೋಗಲಿಲ್ಲ ಅಂತ. ಒಬ್ಬರು ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು. ಇನ್ನೊಬ್ಬರು ಬೌದ್ಧ ದೇಗುಲ ಅಂದುಕೊಂಡು, ಜಪಾನಿನದ್ದೇ ಆದ ಶಿಂತೊ ಧರ್ಮದ ಗುಡಿಗೆ ಹೋಗಿ ಬಂದರು. ಮತ್ತೊಬ್ಬರು ಪ್ರದಕ್ಷಿಣೆ ಹಾಕಲು ಹೋಗಿ ಸಮಾಧಿಗಳ ನಡುವೆ ನಿಂತಿದ್ದರು. ಗಂಟೆ ಹೊಡೆದು ಬೈಸಿಕೊಂಡವರೂ ಇದ್ದಾರೆ.

ಇವೆಲ್ಲ ಜಪಾನಿ ಭಾಷೆ ಬಾರದ್ದರಿಂದ ಆದ ಎಡವಟ್ಟುಗಳಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವ ಕ್ರಮ ಗೊತ್ತಿಲ್ಲದೆ ಆದವು. ಹಾಗಾಗಿ ಇಲ್ಲಿ ಆ ಕ್ರಮವನ್ನೇ ಬಿಡಿಸಿ ಬರೆದಿದ್ದೇನೆ. ಉದಾಹರಣೆಗೆ ಟೋಕಿಯೊದ ಸೆತಗಾಯ ವಾರ್ಡಿನಲ್ಲಿರುವ ಜೋಶಿನ್‌ಜಿ ದೇಗುಲವನ್ನು ಇಟ್ಟುಕೊಂಡಿದ್ದೇನೆ. ಸುತ್ತ ಪೂರ್ತಿ ಮನೆಗಳಿರುವ ಜಾಗ. ಒಳಗೆ ಹೋಗಲು ಟಿಕೆಟ್ ಇಲ್ಲ. ಊರಿನವರು ಅದನ್ನು ‘ಕುಹೊಂಬುತ್ಸು’ ಅಂತಲೇ ಕರೆಯುತ್ತಾರೆ, ರೈಲು ನಿಲ್ದಾಣದ ಹೆಸರೂ ಅದೇ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಬಡಾವಣೆಯ ದೇಗುಲ ಪ್ರವಾಸಿಗರಿಗಾಗಿ ನಡೆಯುತ್ತಿಲ್ಲ. ಅದಕ್ಕೆ ತಲೆಮಾರುಗಳಿಂದ ನಡೆದುಕೊಳ್ಳುವ ಕುಟುಂಬಗಳಿರುತ್ತವೆ. ಅವರನ್ನು ‘ದಾಂಕಾ’ ಅನ್ನುತ್ತಾರೆ. ಅವರ ಹಿರಿಯರ ಸಮಾಧಿಗಳು ಅಲ್ಲೇ ಇರುತ್ತವೆ, ತಿಥಿಗಳೂ ಅಲ್ಲೇ ನಡೆಯುತ್ತವೆ. ಸಾಮಾನ್ಯವಾಗಿ ಅರ್ಚಕರ ಸಂಸಾರವೂ ಅದೇ ಆವರಣದಲ್ಲಿ ವಾಸವಾಗಿರುತ್ತದೆ. ಕೆಳಗಿನ ನಿಯಮಗಳಲ್ಲಿ ಮುಕ್ಕಾಲು ಪಾಲು ಹುಟ್ಟಿರುವುದು ಇದರಿಂದಲೇ.

ಹಂತ 1: ಸರಿಯಾದ ದೇಗುಲ ಆರಿಸಿಕೊಳ್ಳಿ

ಮೊದಲು ಹೆಸರಿನ ಕೊನೆ ನೋಡಿ. ‘ಜಿ’, ‘ಇನ್’, ‘ಆನ್’ ಅಂತ ಮುಗಿದರೆ ಸಾಮಾನ್ಯವಾಗಿ ಬೌದ್ಧ ದೇಗುಲ. ‘ಜಿಂಜಾ’, ‘ಜಿಂಗೂ’, ‘ತೈಶಾ’ ಅಂತಿದ್ದರೆ ಶಿಂತೊ ಗುಡಿ. ಜಪಾನಿನ ನಕ್ಷೆಗಳಲ್ಲಿ ಬೌದ್ಧ ದೇಗುಲಕ್ಕೆ ಸ್ವಸ್ತಿಕ ಹಾಕಿರುತ್ತಾರೆ. ಅದರ ಕೈಗಳು ನಾವು ಮನೆ ಬಾಗಿಲಲ್ಲಿ ಬರೆಯುವುದಕ್ಕೆ ತಿರುವುಮುರುವಾಗಿರುತ್ತವೆ, ಅಷ್ಟೆ. ಎರಡು ಕಂಬ, ಮೇಲೆ ಎರಡು ಅಡ್ಡಪಟ್ಟಿ ಇರುವ ತೋರಣದ ಗುರುತು ಇದ್ದರೆ ಅದು ಶಿಂತೊ.

ಆಮೇಲೆ ‘ನಿಶ್ಶಬ್ದ’ ಅನ್ನುವುದನ್ನು ಪರೀಕ್ಷಿಸಿ. ಸೆತಗಾಯದಲ್ಲೇ ಗೊತೊಕುಜಿ ಅಂತ ಇನ್ನೊಂದು ದೇಗುಲವಿದೆ. ಕೈಯೆತ್ತಿ ಕರೆಯುವ ಬಿಳಿ ಬೆಕ್ಕಿನ ಬೊಂಬೆಗಳಿಗೆ ಅದು ಹೆಸರುವಾಸಿ. ಅದೂ ಮನೆಗಳ ನಡುವೆಯೇ ಇದೆ. ಆದರೆ ಈಗ ಅಲ್ಲಿ ಫೋಟೊ ತೆಗೆಯುವವರದ್ದೇ ಗುಂಪು. ಬೆಕ್ಕು ಬೇಕಿದ್ದರೆ ಅಲ್ಲಿಗೆ ಹೋಗಿ, ಮೌನ ಬೇಕಿದ್ದರೆ ಬೇಡ. ಅಂತರ್ಜಾಲದಲ್ಲಿ ಒಂದೇ ಮೂಲೆಯ ಒಂದೇ ಥರದ ಫೋಟೊ ನೂರಾರು ಸಿಕ್ಕರೆ ಅಲ್ಲಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ ಅಂತಲೇ ತಿಳಿಯಿರಿ.

ತೀರಾ ಸಣ್ಣ ದೇಗುಲವೂ ಮೊದಲ ಸಲಕ್ಕೆ ಬೇಡ. ಮನೆಯಂತೆ ಕಾಣುವ ಬಾಗಿಲು, ಕರೆಗಂಟೆ, ಒಳಗೆ ನಿಂತ ಕಾರು, ಇಷ್ಟೇ ಇರುವ ಕಡೆ ಎಲ್ಲಿ ನಿಲ್ಲಬೇಕು ಅಂತಲೂ ತಿಳಿಯುವುದಿಲ್ಲ. ಜೋಶಿನ್‌ಜಿಯಂತೆ ದೊಡ್ಡ ಆವರಣ, ತೆರೆದ ಹೆಬ್ಬಾಗಿಲು, ಎದ್ದು ಕಾಣುವ ಹಾದಿ ಇರುವ ಕಡೆ ಶುರುಮಾಡಿ.

ಇನ್ನೊಂದು ತಪ್ಪು: ಧ್ಯಾನ ಮಾಡಿಸುತ್ತಾರೆ ಅಂತ ಯಾವುದೋ ದೇಗುಲಕ್ಕೆ ಹೋಗಿಬಿಡುವುದು. ಜೋಶಿನ್‌ಜಿ ಜೋದೊ ಪಂಥದ್ದು, ಅಲ್ಲಿ ಅಮಿತಾಭ ಬುದ್ಧನ ನಾಮಸ್ಮರಣೆಯೇ ಮುಖ್ಯ. ಜಝೆನ್, ಅಂದರೆ ಜೆನ್ ಬೌದ್ಧರ ಧ್ಯಾನಕ್ಕೆ ಕೂರಬೇಕು ಅಂದರೆ ಸೋತೊ ಅಥವಾ ರಿಂಝೈ ಎಂಬ ಜೆನ್ ಪಂಥದ ದೇಗುಲ ಹುಡುಕಿ, ಹೊರಗಿನವರನ್ನು ಸೇರಿಸಿಕೊಳ್ಳುವ ದಿನ ಯಾವುದು ಅಂತ ಮೊದಲೇ ಕೇಳಿಕೊಂಡು ಹೋಗಬೇಕು.

ಹಂತ 2: ದಿನ ಮತ್ತು ಹೊತ್ತು

ಬೆಳಗ್ಗೆಯೇ ಹೋಗಿ. ಎಂಟರಿಂದ ಹತ್ತರ ನಡುವೆ ಆದರೆ ಚೆನ್ನ. ಜಪಾನಿನ ದೇಗುಲಗಳು ನಮ್ಮ ಗುಡಿಗಳ ಹಾಗೆ ಸಂಜೆ ದೀಪ ಹಚ್ಚಿ ಮತ್ತೆ ತೆರೆಯುವುದಿಲ್ಲ. ಸಂಜೆ ನಾಲ್ಕೂವರೆ, ಐದರ ಹೊತ್ತಿಗೆ ಬಾಗಿಲು ಹಾಕಿಬಿಡುತ್ತಾರೆ. ಕಚೇರಿಯ ಕಿಟಕಿ ಅದಕ್ಕೂ ಮೊದಲೇ ಮುಚ್ಚಿರುತ್ತದೆ. ಆಫೀಸು ಮುಗಿಸಿ ಹೋಗೋಣ ಅನ್ನುವ ಯೋಜನೆ ಕೆಡುವುದು ಇಲ್ಲೇ. ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುವುದರಿಂದ ಮಧ್ಯಾಹ್ನದ ಊಟ ಮುಗಿಸಿ ನಿಧಾನಕ್ಕೆ ಹೊರಟರೂ ತಡವೇ.

ಜೋಶಿನ್‌ಜಿಯಲ್ಲಿ ಬೆಳಗ್ಗೆಗೆ ಇನ್ನೊಂದು ಲಾಭವಿದೆ. ಅಲ್ಲಿ ನೋಡಬೇಕಾದ, ಒಂಬತ್ತು ಅಮಿತಾಭ ಮೂರ್ತಿಗಳಿರುವ ಮೂರು ಮಂಟಪಗಳು ಪೂರ್ವಕ್ಕೆ ಮುಖ ಮಾಡಿವೆ. ಬೆಳಗಿನ ಬೆಳಕು ನೇರ ಒಳಗೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಒಳಗೆ ಕತ್ತಲೆ, ಎದುರಿಗೆ ಬಿಸಿಲು.

ತಪ್ಪಿಸಬೇಕಾದ ದಿನಗಳು: ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ವಿಷುವದ ದಿನ ನಡುವೆ ಬರುವಂತೆ ತಲಾ ಏಳು ದಿನ ನಡೆಯುವ ‘ಹಿಗಾನ್’, ಆಗಸ್ಟ್ ಮಧ್ಯದ ‘ಓಬೊನ್’. ಇವು ನಮ್ಮ ಪಿತೃಪಕ್ಷದ ಥರ. ಕುಟುಂಬದವರೆಲ್ಲ ಹೂವು, ಊದುಬತ್ತಿ ಹಿಡಿದು ಸಮಾಧಿಗೆ ಬರುತ್ತಾರೆ. ಹೋಗಬಾರದು ಅಂತೇನಿಲ್ಲ, ಆದರೆ ಮೊದಲ ಭೇಟಿಗೆ ಅದು ದಿನವಲ್ಲ. ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ ಎಲೆಗಳು ಕೆಂಪು, ಹಳದಿ ಆಗುತ್ತವೆ. ಆಗ ಜೋಶಿನ್‌ಜಿಯಲ್ಲೂ ಜನ ಜಾಸ್ತಿ. ಆ ಬಣ್ಣ ಬೇಕೇ ಬೇಕು ಅಂದರೆ ವಾರದ ನಡುವಿನ ದಿನ, ಬೆಳಗ್ಗೆ ಬೇಗ ಹೋಗಿ.

ಹಂತ 3: ಚೀಲದಲ್ಲಿ ಏನಿರಬೇಕು, ಏನಿರಬಾರದು

ಚಿಲ್ಲರೆ ಬೇಕು. 10, 50, 100 ಯೆನ್ ನಾಣ್ಯಗಳು. ಕಾರ್ಡು, ಮೊಬೈಲ್ ಪಾವತಿ ನಂಬಿಕೊಂಡು ಹೋಗಬೇಡಿ. ಹಾಗಂತ ಮನೆಯಲ್ಲಿ ಬಿದ್ದಿರುವ 1 ಯೆನ್ ನಾಣ್ಯಗಳನ್ನೆಲ್ಲ ತಂದು ಹುಂಡಿಗೆ ಸುರಿಯುವುದೂ ಉಪಕಾರವಲ್ಲ. 2022ರ ಜನವರಿಯಿಂದ ಜಪಾನ್ ಅಂಚೆ ಬ್ಯಾಂಕು ಹೆಚ್ಚು ನಾಣ್ಯಗಳನ್ನು ಜಮೆ ಮಾಡುವುದಕ್ಕೆ ಶುಲ್ಕ ಹಾಕುತ್ತಿದೆ. ಸಣ್ಣ ನಾಣ್ಯದ ರಾಶಿಯನ್ನು ಬ್ಯಾಂಕಿಗೆ ಕಟ್ಟಲು ಅದರ ಬೆಲೆಗಿಂತ ಜಾಸ್ತಿ ಖರ್ಚಾಗಬಹುದು. ಒಂದು 100 ಯೆನ್ ಹಾಕಿ, ಸಾಕು.

ಚಪ್ಪಲಿ ಬೇಡ. ಸುಲಭವಾಗಿ ಬಿಚ್ಚಿ ಹಾಕಬಹುದಾದ ಬೂಟು, ತೂತಿಲ್ಲದ ಕಾಲುಚೀಲ ಹಾಕಿಕೊಳ್ಳಿ. ಒಳಗೆ ಬರಲು ಹೇಳಿದರೆ ಬರಿಗಾಲಿನಲ್ಲಿ ತತಾಮಿ ಚಾಪೆ ತುಳಿಯುವುದು ಅಲ್ಲಿ ಒರಟು ಅನ್ನಿಸುತ್ತದೆ. ಕೈ ಒರೆಸಲು ಕರ್ಚೀಫು ಇರಲಿ, ಕಸ ಹಾಕಿಕೊಳ್ಳಲು ಒಂದು ಕವರ್ ಇರಲಿ. ಹೊರಗೆ ಕಸದ ಬುಟ್ಟಿ ಸಿಗುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಳ್ಳೆ ಓಡಿಸುವ ಮುಲಾಮು ಮರೆಯಬೇಡಿ. ಸಮಾಧಿಗಳ ಮುಂದಿನ ಹೂದಾನಿಯಲ್ಲಿ ನೀರು ನಿಂತು ಸೊಳ್ಳೆ ವಿಪರೀತ.

ತರಬಾರದ್ದು: ತೆಂಗಿನಕಾಯಿ, ಕರ್ಪೂರ, ಹಣ್ಣು, ಸಿಹಿ. ಭಕ್ತಿಯಿಂದ ತಂದರೂ ಇಡಲು ಜಾಗವಿರುವುದಿಲ್ಲ. ಹೊರಗೆ ಬಿಟ್ಟುಹೋದ ತಿಂಡಿ ಕಾಗೆಗಳ ಪಾಲಾಗಿ, ಆಮೇಲೆ ಯಾರೋ ಗುಡಿಸಬೇಕಾಗುತ್ತದೆ. ಟ್ರೈಪಾಡ್ ಕೂಡ ಮನೆಯಲ್ಲೇ ಇರಲಿ.

ಹಂತ 4: ರೈಲು ಹಿಡಿಯುವುದು

ಶಿಬುಯಾದಿಂದ ತೋಕ್ಯು ತೋಯೊಕೊ ಮಾರ್ಗದಲ್ಲಿ ಜಿಯುಗಾವೊಕಾಗೆ ಬನ್ನಿ. ಅಲ್ಲಿ ಮೆಟ್ಟಿಲಿಳಿದು ಓಯಿಮಾಚಿ ಮಾರ್ಗಕ್ಕೆ ಬದಲಾಯಿಸಿ. ಫುತಾಕೊ-ತಮಾಗಾವಾ ಕಡೆ ಹೋಗುವ ರೈಲಿನಲ್ಲಿ ಮುಂದಿನ ನಿಲ್ದಾಣವೇ ಕುಹೊಂಬುತ್ಸು.

ಇಲ್ಲಿ ಎರಡು ಕಡೆ ಎಡವಬಹುದು. ಒಂದು, ಎಕ್ಸ್‌ಪ್ರೆಸ್ ರೈಲು ಕುಹೊಂಬುತ್ಸುವಿನಲ್ಲಿ ನಿಲ್ಲುವುದಿಲ್ಲ. ಗೊತ್ತಿಲ್ಲದೆ ಹತ್ತಿದರೆ ಕಮಿನೊಗೆಯಲ್ಲಿ ಇಳಿದು, ಎಲ್ಲ ಕಡೆ ನಿಲ್ಲುವ ರೈಲಿನಲ್ಲಿ ವಾಪಸ್ ಬರಬೇಕು. ಎರಡು, ಕುಹೊಂಬುತ್ಸು ನಿಲ್ದಾಣದ ಪ್ಲಾಟ್‌ಫಾರ್ಮ್ ರೈಲಿಗಿಂತ ಗಿಡ್ಡ. ಫುತಾಕೊ-ತಮಾಗಾವಾ ಕಡೆಯ ತುದಿಯ ಬೋಗಿಯ ಬಾಗಿಲು ಅಲ್ಲಿ ತೆರೆಯುವುದೇ ಇಲ್ಲ. ಅಂದರೆ ಜಿಯುಗಾವೊಕಾದಿಂದ ಹೋಗುವಾಗ ಎಲ್ಲಕ್ಕಿಂತ ಮುಂದಿನ ಬೋಗಿ. ನಡುವಿನ ಬೋಗಿ ಹತ್ತಿದರೆ ಈ ತಲೆನೋವಿಲ್ಲ.

ನಿಲ್ದಾಣದಿಂದ ಹೊರಗೆ ಬಂದರೆ ಸಾಲುಮರಗಳ ಹಾದಿ ಹತ್ತಿರದಲ್ಲೇ ಶುರುವಾಗುತ್ತದೆ. ಶೌಚಾಲಯ, ನೀರು, ತಿಂಡಿ ಎಲ್ಲ ಇಲ್ಲೇ ಮುಗಿಸಿಕೊಳ್ಳಿ.

ಹಂತ 5: ಹೆಬ್ಬಾಗಿಲಿನಿಂದ ನೀರಿನ ತೊಟ್ಟಿಯವರೆಗೆ

ಹೆಬ್ಬಾಗಿಲಲ್ಲಿ ಒಂದು ಕ್ಷಣ ನಿಂತು ತಲೆಬಾಗಿಸಿ ಒಳಗೆ ಹೋಗಿ. ಹೊಸ್ತಿಲು ತುಳಿಯಬೇಡಿ, ದಾಟಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ಬೂಟು ಬಿಚ್ಚಬೇಡಿ! ಗುಡಿ ಅಂದ ಕೂಡಲೇ ನಮ್ಮ ಕೈ ಲೇಸಿಗೆ ಹೋಗುತ್ತದೆ, ಅಲ್ವಾ? ಜಪಾನಿನಲ್ಲಿ ಆವರಣವಿಡೀ ಬೂಟು ಹಾಕಿಕೊಂಡೇ ಓಡಾಡುತ್ತಾರೆ. ಕಟ್ಟಡದ ಮರದ ನೆಲ ಹತ್ತುವ ಜಾಗದಲ್ಲಿ ಮಾತ್ರ ಬಿಚ್ಚುವುದು.

ಜೋಶಿನ್‌ಜಿಯ ಹೆಬ್ಬಾಗಿಲ ಹತ್ತಿರವೇ ಎಮ್ಮಾ ಮಂಟಪವಿದೆ. ಎಮ್ಮಾ ಅಂದರೆ ನಮ್ಮ ಯಮನೇ, ಚೀನಾ ಮೂಲಕ ಇಲ್ಲಿಯವರೆಗೆ ಬಂದಿದ್ದಾನೆ. ನೋಡಿ, ಕೈ ಮುಗಿದು ಮುಂದೆ ಹೋಗಿ. ಮುಂದೆ ಇಬ್ಬರು ದ್ವಾರಪಾಲಕರಿರುವ ಎರಡಂತಸ್ತಿನ ಬಾಗಿಲು ಬರುತ್ತದೆ. ಅದು 1793ರದ್ದು.

ನೀರಿನ ತೊಟ್ಟಿಯಲ್ಲಿ ಸೌಟು ಇದ್ದರೆ ಹೀಗೆ ಮಾಡಿ: ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ. ಸೌಟು ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತಂದು, ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಎಡಗೈಗೆ ಇನ್ನೊಮ್ಮೆ ನೀರು ಹಾಕಿ. ಕೊನೆಗೆ ಸೌಟನ್ನು ನೆಟ್ಟಗೆ ನಿಲ್ಲಿಸಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು ಅದೂ ತೊಳೆದಂತಾಗುತ್ತದೆ. ಇಷ್ಟಕ್ಕೂ ಒಂದೇ ಸೌಟು ನೀರು ಸಾಕಾಗಬೇಕು. ಸೌಟಿಗೆ ಬಾಯಿ ಹಚ್ಚಬೇಡಿ, ಮುಕ್ಕಳಿಸಿದ್ದನ್ನು ತೊಟ್ಟಿಯೊಳಗೆ ಉಗುಳಬೇಡಿ. ಕೊರೊನಾ ನಂತರ ಹಲವು ಕಡೆ ಸೌಟು ತೆಗೆದು ನೀರನ್ನು ಸುಮ್ನೆ ಹರಿಯಬಿಟ್ಟಿದ್ದಾರೆ. ಅಲ್ಲಿ ಕೈ ತೊಳೆದರೆ ಆಯಿತು.

ಹಂತ 6: ಮುಖ್ಯ ಮಂದಿರದ ಮುಂದೆ

ಜಾಸ್ತಿ ಜನ ಎಡವುವುದು ಈ ಹಂತದಲ್ಲಿ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೊದಲು ಗಂಟೆ. ಆವರಣದಲ್ಲಿ ಮಂಟಪ ಕಟ್ಟಿ ತೂಗುಹಾಕಿರುವ ದೊಡ್ಡ ಕಂಚಿನ ಗಂಟೆಯನ್ನು ಮುಟ್ಟಬೇಡಿ. ನಾವು ಗುಡಿಗೆ ಹೋದ ತಕ್ಷಣ ಗಂಟೆ ಹೊಡೆಯುವ ಅಭ್ಯಾಸದವರು, ಮರದ ದಿಮ್ಮಿ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಅದರ ಸದ್ದು ಇಡೀ ಬಡಾವಣೆಗೆ ಕೇಳುತ್ತದೆ. ಹೊಡೆಯಬಹುದು ಅಂತ ಫಲಕ ಇದ್ದರೆ ಮಾತ್ರ ಹೊಡೆಯಿರಿ. ಅದೂ ದರ್ಶನಕ್ಕೆ ಮೊದಲು. ದರ್ಶನ ಮುಗಿಸಿ ಹೋಗುವಾಗ ಹೊಡೆಯುವುದನ್ನು ಅಶುಭ ಅನ್ನುತ್ತಾರೆ. ಮಂದಿರದ ಮುಂದೆ ಸೂರಿನಿಂದ ಚಪ್ಪಟೆ ಜಾಗಟೆ, ಅದಕ್ಕೊಂದು ಹಗ್ಗ ಇಳಿಬಿಟ್ಟಿದ್ದರೆ ಅದು ಬೇರೆ. ಹಗ್ಗ ಅಲ್ಲಾಡಿಸಿ ಒಂದು ಸಲ ಬಾರಿಸಬಹುದು.

ಆಮೇಲೆ ಊದುಬತ್ತಿ. ಮಾರಾಟಕ್ಕೆ ಇಟ್ಟಿದ್ದರೆ ಪಕ್ಕದ ಡಬ್ಬಿಗೆ ದುಡ್ಡು ಹಾಕಿ ತೆಗೆದುಕೊಳ್ಳಿ. ಹತ್ತಿಸಲು ಅಲ್ಲೇ ಎಲ್ಲರಿಗಾಗಿ ಇಟ್ಟಿರುವ ಬೆಂಕಿ ಬಳಸಿ. ಬೇರೆಯವರು ಹಚ್ಚಿಟ್ಟ ಮೇಣದಬತ್ತಿಯಿಂದ ಹತ್ತಿಸಿಕೊಳ್ಳಬೇಡಿ, ಅವರ ಪಾಪವನ್ನು ನೀವು ಹೊತ್ತುಕೊಂಡಂತೆ ಅನ್ನುವ ನಂಬಿಕೆ ಇದೆ. ಉರಿಯನ್ನು ಬಾಯಿಂದ ಊದಿ ಆರಿಸಬೇಡಿ, ಕೈ ಬೀಸಿ ಆರಿಸಿ. ಬೂದಿಯ ಪಾತ್ರೆಯಲ್ಲಿ ನಡುವಿನಿಂದ ಶುರುಮಾಡಿ ನೆಟ್ಟರೆ ಹಿಂದೆ ಬರುವವರ ಕೈ ಸುಡುವುದಿಲ್ಲ.

ಈಗ ನಮಸ್ಕಾರ. ಹುಂಡಿಯ ಮುಂದೆ ನಿಂತು ತಲೆಬಾಗಿಸಿ. ನಾಣ್ಯವನ್ನು ಎಸೆಯದೆ ಜಾರಿಸಿ. ಎದೆಯ ಮುಂದೆ ಕೈ ಮುಗಿದು ಕಣ್ಣು ಮುಚ್ಚಿ. ಮತ್ತೊಮ್ಮೆ ತಲೆಬಾಗಿಸಿ ಪಕ್ಕಕ್ಕೆ ಸರಿಯಿರಿ. ಇಷ್ಟೇ. ಚಪ್ಪಾಳೆ ಇಲ್ಲ! ಎರಡು ಬಾಗು, ಎರಡು ಚಪ್ಪಾಳೆ, ಒಂದು ಬಾಗು ಅಂತ ವಿಡಿಯೊಗಳಲ್ಲಿ ತೋರಿಸುವುದು ಶಿಂತೊ ಗುಡಿಯ ಪದ್ಧತಿ. ಬೌದ್ಧ ದೇಗುಲದಲ್ಲಿ ಚಪ್ಪಾಳೆ ತಟ್ಟಿದರೆ ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಏನಾದರೂ ಹೇಳಬೇಕು ಅನ್ನಿಸಿದರೆ ಜೋಶಿನ್‌ಜಿಯಲ್ಲಿ ‘ನಮು ಅಮಿದ ಬುತ್ಸು’ ಅಂತ ಮೆಲ್ಲಗೆ ಹೇಳಬಹುದು. ಬೇರೆ ಪಂಥದ ದೇಗುಲದಲ್ಲಿ ಬೇರೆ ಮಂತ್ರವಿರುತ್ತದೆ. ಗೊತ್ತಿಲ್ಲದ ಕಡೆ ಮೌನವೇ ಸರಿ. ಸಾಷ್ಟಾಂಗ ಹಾಕಬೇಡಿ, ದಾರಿ ಕಟ್ಟುತ್ತದೆ. ತೀರ್ಥ, ಪ್ರಸಾದ ಕೊಡುತ್ತಾರೆ ಅಂತ ಕಾಯಬೇಡಿ.

ಪ್ರದಕ್ಷಿಣೆ ಹಾಕಲೂ ಹೋಗಬೇಡಿ. ಮುಖ್ಯ ಮಂದಿರದ ಹಿಂದೆ ಸಾಮಾನ್ಯವಾಗಿ ಅರ್ಚಕರ ಮನೆಯೋ ಸಮಾಧಿಗಳೋ ಇರುತ್ತವೆ.

ಒಳಗೆ ಹೋಗಬಹುದೇ? ಬಾಗಿಲು ತೆರೆದಿದ್ದು, ಬೂಟಿನ ಗೂಡು ಇಟ್ಟು, ಬನ್ನಿ ಅಂತ ಸೂಚನೆ ಇದ್ದರೆ ಹೋಗಬಹುದು. ಬರೀ ಬಾಗಿಲು ತೆರೆದಿದೆ ಅಂದರೆ ಸಾಲದು. ಒಳಗೆ ತತಾಮಿಯ ಮೇಲೆ ಸ್ಲಿಪ್ಪರ್ ಹಾಕಿಕೊಂಡು ನಡೆಯಬೇಡಿ, ಚಾಪೆಯ ಬಟ್ಟೆಯ ಅಂಚು ತುಳಿಯಬೇಡಿ.

ಹಂತ 7: ಒಂಬತ್ತು ಅಮಿತಾಭರನ್ನು ನೋಡುವುದು

ಎಷ್ಟೋ ಜನ ಮುಖ್ಯ ಮಂದಿರ ನೋಡಿ ವಾಪಸ್ ಹೋಗಿಬಿಡುತ್ತಾರೆ. ಜೋಶಿನ್‌ಜಿಯ ಮುಖ್ಯ ಸಂಗತಿ ಇರುವುದು ಅದರ ಎದುರುಗಡೆ, ಅಂಗಳದ ಪಶ್ಚಿಮ ಬದಿಯಲ್ಲಿ. ಸಾಲಾಗಿ ಮೂರು ಮಂಟಪ, ಒಂದೊಂದರಲ್ಲೂ ಮೂರು ಅಮಿತಾಭರು. ಈ ದಡದಿಂದ ಆ ದಡಕ್ಕೆ ಅನ್ನುವ ಕಲ್ಪನೆಯಲ್ಲಿ ಜಾಗ ಜೋಡಿಸಿದ್ದಾರೆ. ಪೂರ್ವದ ಮುಖ್ಯ ಮಂದಿರ ಈ ಲೋಕ, ಪಶ್ಚಿಮದ ಮಂಟಪಗಳು ಅಮಿತಾಭನ ಲೋಕ. ಹಾಗಾಗಿ ಮಂದಿರದಲ್ಲಿ ನಮಸ್ಕಾರ ಮುಗಿಸಿ ಅಂಗಳ ದಾಟಿ ಬರುವುದೇ ಸರಿಯಾದ ಕ್ರಮ.

ನಡುವಿನ ಮಂಟಪದಿಂದ ಶುರುಮಾಡಿ. ಮೂರ್ತಿಗಳು ದೊಡ್ಡವು, ಕುಳಿತ ಭಂಗಿ, ಹೊರಗೆ ನಿಂತೇ ನೋಡಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು, ಅಷ್ಟು ಹೊತ್ತು ನಿಲ್ಲಿ. ಒಂಬತ್ತೂ ಒಂದೇ ಥರ ಇವೆ ಅಂತ ಹೇಳುವವರು ಮುಖ ನೋಡಿರುತ್ತಾರೆ, ಕೈ ನೋಡಿರುವುದಿಲ್ಲ. ಕೈ ಮಡಿಲಲ್ಲಿದೆಯೋ, ಎದೆಯ ಮುಂದಿದೆಯೋ, ಒಂದು ಮೇಲೆ ಒಂದು ಕೆಳಗಿದೆಯೋ ನೋಡಿ. ಹೆಬ್ಬೆರಳಿಗೆ ಯಾವ ಬೆರಳು ತಾಗಿದೆ ನೋಡಿ. ಒಬ್ಬರ ಮುದ್ರೆ ಇನ್ನೊಬ್ಬರಿಗಿಲ್ಲ. ಇಂಥ ಒಂಬತ್ತರ ಪೂರ್ಣ ಗುಂಪು ಜಪಾನಿನಲ್ಲೇ ಅಪರೂಪ. ಕ್ಯೋತೊ ಪ್ರಾಂತ್ಯದ ಜೋರುರಿಜಿ ಇನ್ನೊಂದು ಪ್ರಸಿದ್ಧ ಜಾಗ.

ಎಣಿಸಿದಾಗ ಎಂಟೇ ಸಿಕ್ಕರೆ ಗಾಬರಿ ಬೇಡ. ಮೂರ್ತಿಗಳನ್ನು ಒಂದೊಂದಾಗಿ ದುರಸ್ತಿಗೆ ಕಳಿಸುವ ದೀರ್ಘ ಕೆಲಸ ನಡೆಯುತ್ತಿರುವುದರಿಂದ ಕೆಲವೊಮ್ಮೆ ಒಂದು ಪೀಠ ಖಾಲಿ ಇರುತ್ತದೆ.

ಹೊರಡುವ ಮುಂಚೆ ಆವರಣದ ಎರಡು ಹಳೆಯ ಮರಗಳನ್ನು ನೋಡಿ, ಒಂದು ಗಿಂಕೊ, ಇನ್ನೊಂದು ಕಾಯಾ. ಬೇರು ತುಳಿಯದೆ ದೂರದಿಂದಲೇ.

ಹಂತ 8: ಸಮಾಧಿ ಮತ್ತು ಕ್ಯಾಮೆರಾ

ಸಮಾಧಿಗಳ ಸಾಲಿನಲ್ಲಿ ನಮ್ಮವರ ಕಣ್ಣು ಸೆಳೆಯುವ ವಸ್ತುವೊಂದಿದೆ. ಸಮಾಧಿಯ ಹಿಂದೆ ಉದ್ದುದ್ದ ಮರದ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ. ಅವುಗಳ ತುದಿಯಲ್ಲಿ ಎಷ್ಟೋ ಸಲ ಸಿದ್ಧಂ ಲಿಪಿಯ ಬೀಜಾಕ್ಷರಗಳಿರುತ್ತವೆ. ಸಿದ್ಧಂ ಕೂಡ ನಮ್ಮ ಕನ್ನಡ ಲಿಪಿಯ ಹಾಗೆ ಬ್ರಾಹ್ಮಿಯ ಸಂತಾನ. ಟೋಕಿಯೊದ ಬಡಾವಣೆಯಲ್ಲಿ ಅದನ್ನು ನೋಡಿದರೆ ಖುಷಿಯಾಗುವುದು ಸಹಜ. ಆದರೆ ಅದರ ಕೆಳಗೆ ಬರೆದಿರುವುದು ತೀರಿಕೊಂಡವರಿಗೆ ಕೊಟ್ಟ ಹೆಸರು. ಫೋಟೊ ತೆಗೆದು ಗುಂಪುಗಳಲ್ಲಿ ಹಂಚಬೇಡಿ. ಸಮಾಧಿಗಳ ನಡುವಿನ ಓಣಿಗಳಿಗೆ ಹೋಗಲೇಬೇಡಿ.

ಉಳಿದಂತೆ ಹೊರಗಿನ ನೋಟ, ಮರ, ಬಾಗಿಲು ತೆಗೆಯಬಹುದು. ಮೂರ್ತಿಗಳ ಮುಂದೆ ನಿಷೇಧದ ಫಲಕ ಇದೆಯೇ ನೋಡಿ. ಸಂದೇಹ ಬಂದರೆ ಅಲ್ಲಿರುವವರನ್ನು ಕೇಳಿ: ‘ಸುಮಿಮಾಸೆನ್, ಶಾಶಿನ್ ವೊ ತೊತ್ತೆಮೊ ಈ ದೆಸು ಕಾ?’ ಎರಡೂ ಕೈ ಅಡ್ಡ ಹಿಡಿದು ತೋರಿಸಿದರೆ ಬೇಡ ಅಂತ.

ಯಾವಾಗ ಹಿಂದಕ್ಕೆ ತಿರುಗಬೇಕು

ಕಪ್ಪು ಬಿಳಿ ಪಟ್ಟಿಯ ಪರದೆ ಕಟ್ಟಿದ್ದರೆ, ಕಪ್ಪು ಬಟ್ಟೆಯ ಜನ ಸೇರಿದ್ದರೆ, ಬಾಗಿಲ ಬಳಿ ಹೆಸರು ಬರೆಸುವ ಮೇಜು ಇದ್ದರೆ ಒಳಗೆ ಅಂತ್ಯಕ್ರಿಯೆ ನಡೆಯುತ್ತಿದೆ. ಮಾತಿಲ್ಲದೆ ಹೊರಗೆ ಬನ್ನಿ, ಇನ್ನೊಂದು ದಿನ ಹೋಗಿ.

ಹಾದಿಯ ನಡುವೆ ಕಪ್ಪು ಹಗ್ಗದಿಂದ ಕಟ್ಟಿದ ಮುಷ್ಟಿ ಗಾತ್ರದ ದುಂಡುಗಲ್ಲು ಕಂಡರೆ ಅಲಂಕಾರ ಅಂದುಕೊಳ್ಳಬೇಡಿ. ಇಲ್ಲಿಂದ ಮುಂದೆ ಬರಬೇಡಿ ಅನ್ನುವ ಗುರುತು ಅದು. ಎತ್ತಿ ನೋಡಲೂಬೇಡಿ. ಅಡ್ಡ ಇಟ್ಟ ಬಿದಿರು ಕೋಲಿನ ಅರ್ಥವೂ ಅದೇ. ಬಟ್ಟೆ ಒಣಹಾಕಿದ ಕಡೆ, ಸೈಕಲ್ ನಿಲ್ಲಿಸಿದ ಕಡೆ ಬಂದುಬಿಟ್ಟರೆ ನೀವು ಮನೆಯ ಹಿತ್ತಲಿಗೆ ಬಂದಿದ್ದೀರಿ ಅಂತ ಅರ್ಥ.

ಹಂತ 9: ಗೊಶುಇನ್ ಮತ್ತು ವಾಪಸ್ ದಾರಿ

ಗೊಶುಇನ್ ಅಂದರೆ ದೇಗುಲದ ಕೆಂಪು ಮುದ್ರೆ ಒತ್ತಿ, ಶಾಯಿಯಲ್ಲಿ ಕೈಯಾರೆ ಬರೆದುಕೊಡುವ ಪುಟ. ಇದು ಕೊನೆಯ ಕೆಲಸ. ದರ್ಶನಕ್ಕೆ ಮೊದಲೇ ಕಚೇರಿಗೆ ಹೋದರೆ ಬರೀ ಸಂಗ್ರಹಕ್ಕೆ ಬಂದವರು ಅನ್ನಿಸಿಕೊಳ್ಳುತ್ತೀರಿ. ಸಾಮಾನ್ಯವಾಗಿ 300ರಿಂದ 500 ಯೆನ್. 10,000 ಯೆನ್ ನೋಟು ಕೊಟ್ಟು ಚಿಲ್ಲರೆ ಕೇಳಬೇಡಿ. ಅದಕ್ಕೇ ಮಾಡಿದ ಮಡಿಕೆ ಪುಸ್ತಕ ಬೇಕು, ಅಂಗಡಿಗಳಲ್ಲೂ ದೊಡ್ಡ ದೇಗುಲಗಳಲ್ಲೂ ಸಿಗುತ್ತದೆ. ಡೈರಿಯ ಹಾಳೆ, ಪಾಸ್‌ಪೋರ್ಟ್ ಚಾಚಬೇಡಿ. ಬರೆಯಬೇಕಾದ ಪುಟ ತೆರೆದು ‘ಗೊಶುಇನ್ ವೊ ಒನೆಗಾಯ್‌ಶಿಮಾಸು’ ಅನ್ನಿ. ಬರೆಯುವಾಗ ಮಾತಾಡಿಸಬೇಡಿ, ವಿಡಿಯೊ ಬೇಡ. ಬರೆಯುವವರು ಇಲ್ಲದಿದ್ದರೆ ಮೊದಲೇ ಬರೆದಿಟ್ಟ ಹಾಳೆ ಕೊಡಬಹುದು, ಒತ್ತಾಯ ಮಾಡಬೇಡಿ.

ಹೊರಗೆ ಬಂದು ಹೆಬ್ಬಾಗಿಲ ಕಡೆ ತಿರುಗಿ ತಲೆಬಾಗಿಸಿ. ಸಮಯವಿದ್ದರೆ ಕುಹೊಂಬುತ್ಸುವಿನಲ್ಲಿ ಮತ್ತೆ ರೈಲು ಹತ್ತಬೇಡಿ. ಕಾಲು ಗಂಟೆ ನಡೆದರೆ ಜಿಯುಗಾವೊಕಾ ಸಿಗುತ್ತದೆ, ಊಟಕ್ಕೂ ಜಾಗಗಳಿವೆ, ಶಿಬುಯಾಗೆ ನೇರ ರೈಲೂ ಇದೆ. ಮನೆಗಳ ನಡುವಿನ ಓಣಿ ಅದು, ಜೋರಾಗಿ ಫೋನಿನಲ್ಲಿ ಮಾತಾಡುತ್ತಾ ಹೋಗಬೇಡಿ.